‘ವಾಟರ್ಲೂ’ ಗೀತಸಂಪುಟದಲ್ಲಿ ಇತಿಹಾಸದ ವಿನಿಯೋಗ

೧

ಇತಿಹಾಸದ ಹೆಸರುಗಳು ಜನಸಾಮಾನ್ಯರನ್ನು ತಲುಪುವ ಮಾರ್ಗಗಳು ಹಲವು. ಪಠ್ಯಪುಸ್ತಕವು ಅವುಗಳಲ್ಲಿ ಒಂದು ಮಾತ್ರ. ಬಹುಶಃ ಎಲ್ಲಕ್ಕಿಂತ ಇಕ್ಕಟ್ಟಾದುದೂ ಅದೇ. ಲಾವಣಿ, ನಾಟಕ, ಗಾದೆ, ಚಲನಚಿತ್ರ, ಧ್ವನಿಮುದ್ರಿಕೆ ಇವುಗಳ ಮೂಲಕ ಹರಡುವ ಹೆಸರುಗಳು ತರಗತಿಯ ಮೆಟ್ಟಿಲನ್ನು ಹತ್ತದವರ ನಾಲಗೆಯ ಮೇಲೂ ನಿಲ್ಲುತ್ತವೆ. ಹಾಗೆ ನಿಂತ ಹೆಸರಿನೊಡನೆ ಅದರ ಅರ್ಥವೂ ಉಳಿದಿರುತ್ತದೆಯೇ, ಉಳಿದಿದ್ದರೆ ಎಷ್ಟು ಉಳಿದಿರುತ್ತದೆ ಎಂಬ ಪ್ರಶ್ನೆ ಇತಿಹಾಸವನ್ನು ಬೋಧಿಸುವವರಿಗೂ ಕಲಿಯುವವರಿಗೂ ಸಣ್ಣದಲ್ಲ. ಸ್ವೀಡನ್ ದೇಶದ ‘ಅಬ್ಬಾ’ ಎಂಬ ಪಾಪ್ ಗಾಯಕವೃಂದವು ೧೯೭೪ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಹೊರತಂದ ‘ವಾಟರ್ಲೂ’ ಎಂಬ ಗೀತಸಂಪುಟವು ಈ ಪ್ರಶ್ನೆಯ ಪರಿಶೀಲನೆಗೆ ತಕ್ಕ ಆಧಾರವನ್ನು ಒದಗಿಸುತ್ತದೆ. ಈ ಸಂಪುಟದ ಎರಡು ಹಾಡುಗಳು ಚಾರಿತ್ರಿಕ ಹೆಸರುಗಳನ್ನೇ ಶೀರ್ಷಿಕೆಯಲ್ಲಿ ಹೊತ್ತಿವೆ. ಒಂದು ಲೋಕಪ್ರಸಿದ್ಧವಾಯಿತು, ಇನ್ನೊಂದನ್ನು ಕೇಳಿದವರು ವಿರಳ. ಇವೆರಡೂ ಗತಕಾಲವನ್ನು ಬಳಸಿಕೊಂಡ ಬಗೆಯನ್ನು ತೂಗಿನೋಡುವುದು ಈ ಲೇಖನದ ಉದ್ದೇಶ.

ಕುಣಿತಕ್ಕೂ ಮನೋರಂಜನೆಗೂ ರಚಿತವಾದ ಹಾಡುಗಳನ್ನು ಇಂಥ ಪತ್ರಿಕೆಯಲ್ಲಿ ಎತ್ತಿಕೊಳ್ಳುವುದು ತರವೇ ಎಂದು ಕೆಲವರು ಕೇಳಬಹುದು. ವಾಟರ್ಲೂ ಯುದ್ಧವನ್ನು ಕುರಿತ ಉದ್ಗ್ರಂಥಗಳನ್ನು ಓದಿದವರಿಗಿಂತ ಈ ಹಾಡನ್ನು ಕೇಳಿದವರ ಸಂಖ್ಯೆ ಎಷ್ಟೋ ಪಾಲು ಅಧಿಕವೆಂಬುದೇ ಅದಕ್ಕೆ ಉತ್ತರ. ಜನರು ಯಾವ ರೂಪದಲ್ಲಿ ಇತಿಹಾಸವನ್ನು ಧರಿಸಿದ್ದಾರೆಂಬುದೂ ಇತಿಹಾಸಕಾರನು ತಿಳಿಯಬೇಕಾದ ಸಂಗತಿಯೇ ಆಗಿದೆ.

೨

ಮೊದಲು ಸಂಪುಟದ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡಬಹುದು. ಅಗ್ನೇತಾ ಫೆಲ್ಟ್‌ಸ್ಕೂಗ್, ಬ್ಯೋರ್ನ್ ಉಲ್ವೇಯಸ್, ಬೆನ್ನಿ ಆಂಡರ್ಸನ್, ಅನ್ನಿ-ಫ್ರಿಡ್ ಲಿಂಗ್‌ಸ್ಟಾಡ್ ಎಂಬ ನಾಲ್ವರ ಹೆಸರುಗಳ ಮೊದಲ ಅಕ್ಷರಗಳಿಂದ ‘ಅಬ್ಬಾ’ ಎಂಬ ಹೆಸರು ಉಂಟಾಯಿತು. ‘ರಿಂಗ್ ರಿಂಗ್’ ಎಂಬುದು ೧೯೭೩ರಲ್ಲಿ ಪ್ರಕಟವಾದ ಅವರ ಮೊದಲ ಸಂಪುಟ. ಅದೇ ಹೆಸರಿನ ಹಾಡನ್ನು ಆ ವರ್ಷ ಸ್ವೀಡನ್ನಿನ ರಾಷ್ಟ್ರೀಯ ಗೀತಸ್ಪರ್ಧೆಯಲ್ಲಿ ಹಾಡಿ ಅವರು ಮೂರನೆಯ ಸ್ಥಾನವನ್ನಷ್ಟೇ ಪಡೆದರು. ಮರುವರ್ಷದ ಫೆಬ್ರವರಿ ೯ರಂದು ‘ವಾಟರ್ಲೂ’ ಗೀತದಿಂದ ಆ ಸ್ಪರ್ಧೆಯನ್ನು ಗೆದ್ದು, ಏಪ್ರಿಲ್ ೬ರಂದು ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ನಡೆದ ಯೂರೋವಿಷನ್ ಗೀತಸ್ಪರ್ಧೆಯಲ್ಲಿ ೨೪ ಅಂಕಗಳೊಡನೆ ಪ್ರಥಮರಾದರು. ಆ ಸ್ಪರ್ಧೆಯಲ್ಲಿ ಸ್ವೀಡನ್ನಿಗೆ ದೊರೆತ ಮೊದಲ ಜಯ ಇದೇ. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಹಾಡು ಮೊದಲನೆಯ ಸ್ಥಾನಕ್ಕೂ ಅಮೆರಿಕದಲ್ಲಿ ಆರನೆಯ ಸ್ಥಾನಕ್ಕೂ ಏರಿತು. ಮೂರು ದಶಕಗಳ ತರುವಾಯ, ೨೦೦೫ರಲ್ಲಿ, ಸ್ಪರ್ಧೆಯ ಐವತ್ತು ವರ್ಷಗಳ ನೆನಪಿಗಾಗಿ ಕೋಪನ್‌ಹೇಗನ್ನಿನಲ್ಲಿ ನಡೆದ ಸಮಾರಂಭದಲ್ಲಿ ಅದುವರೆಗಿನ ಹಾಡುಗಳಲ್ಲಿ ಇದೇ ಶ್ರೇಷ್ಠವೆಂದು ಆರಿಸಲ್ಪಟ್ಟಿತು.

ಈ ಯಶಸ್ಸಿನ ಹಿಂದೆ ಭಾಷೆಯ ಪ್ರಶ್ನೆಯೊಂದಿದೆ. ಸ್ಪರ್ಧೆಯಲ್ಲಿ ಆಯಾ ದೇಶದವರು ತಮ್ಮ ಭಾಷೆಯಲ್ಲಿಯೇ ಹಾಡಬೇಕೆಂಬ ನಿಯಮವು ೧೯೭೩ರಿಂದ ಕೆಲವು ವರ್ಷ ಸಡಿಲಗೊಂಡಿತ್ತು. ಆದ್ದರಿಂದ ತಾಯ್ನಾಡಿನಲ್ಲಿ ಸ್ವೀಡಿಷಿನಲ್ಲಿ ಹಾಡಿದ ಗೀತವನ್ನು ಬ್ರೈಟನ್ನಿನಲ್ಲಿ ಇಂಗ್ಲಿಷಿನಲ್ಲಿ ಹಾಡಲು ಸಾಧ್ಯವಾಯಿತು. ಸ್ವೀಡನ್ನಿನಲ್ಲಿ ಪ್ರಕಟವಾದ ಸಂಪುಟದಲ್ಲಿ ಎರಡು ಪಾಠಗಳೂ ಉಂಟು: ಮೊದಲನೆಯ ಹಾಡು ಸ್ವೀಡಿಷ್ ‘ವಾಟರ್ಲೂ’, ಕೊನೆಯದು ಇಂಗ್ಲಿಷ್ ‘ವಾಟರ್ಲೂ’, ನಡುವೆ ಇನ್ನು ಹತ್ತು ಹಾಡುಗಳು. ಮನೆಯ ಮಾತಿನಲ್ಲಿ ಹೊರಟು ಲೋಕದ ಮಾತಿನಲ್ಲಿ ನಿಲ್ಲುವ ಈ ಕ್ರಮವೇ ವೃಂದದ ಆಶಯವನ್ನು ಸೂಚಿಸುತ್ತದೆ.

ವೃಂದದ ವ್ಯವಸ್ಥಾಪಕರೂ ಗೀತಕಾರರೂ ಆಗಿದ್ದ ಸ್ಟಿಗ್ ಆಂಡರ್ಸನ್ನರು ಈ ರಾಗಕ್ಕೆ ಮೊದಲು ‘ಹನಿ ಪೈ’ ಎಂಬ ಹೆಸರನ್ನು ಯೋಚಿಸಿದ್ದರು. ಬಳಿಕ ಯಾವ ದೇಶದವರಿಗೂ ಅನುವಾದವಿಲ್ಲದೆ ತಿಳಿಯುವ ಮಾತೊಂದನ್ನು ಹುಡುಕಿ ‘ವಾಟರ್ಲೂ’ ಎಂಬುದನ್ನು ಆರಿಸಿದರು. ಇಲ್ಲಿ ನಾವು ಗಮನಿಸಬೇಕಾದುದು, ಯುದ್ಧದ ಮೇಲಣ ಆಸಕ್ತಿಯಿಂದ ಈ ಹೆಸರು ಬರಲಿಲ್ಲವೆಂಬುದು. ಎಲ್ಲ ಭಾಷೆಗಳಲ್ಲಿಯೂ ಒಂದೇ ಬಗೆಯಾಗಿ ಕೇಳುವ, ಉಚ್ಚರಿಸಲು ಸುಲಭವಾದ, ಹಿಂದೆ ಎಲ್ಲಿಯೋ ಕೇಳಿದ್ದೇವೆಂದು ತೋರುವ ಮಾತಾದುದರಿಂದ ಅದು ಹಾಡಿಗೆ ಒದಗಿತು.

೩

ಸಂಪುಟದ ಇತರ ಹಾಡುಗಳಲ್ಲಿಯೂ ಇದೇ ಪ್ರವೃತ್ತಿ ಕಾಣುತ್ತದೆ. ಒಂದರಲ್ಲಿ ಪ್ರೇಮಿಯು ಉಷ್ಣವಲಯದ ತಾಳೆಮರವನ್ನೇರಿ ಕುಳಿತು ನಲ್ಲೆಗಾಗಿ ಕಾಯುತ್ತಾನೆ. ಹಿಮದ ನಾಡಿನ ಕವಿಗೆ ಆ ಮರ ಚಿತ್ರಪಟದಿಂದ ಬಂದ ಸಾಮಗ್ರಿ. ಇನ್ನೊಂದು, ೧೯೩೩ರ ಅಮೆರಿಕನ್ ಚಲನಚಿತ್ರದಿಂದ ಪ್ರಸಿದ್ಧನಾದ ಕಿಂಗ್ ಕಾಂಗ್ ಎಂಬ ದೈತ್ಯವಾನರನನ್ನು ಕುರಿತ ವಿನೋದ. ಮತ್ತೊಂದಕ್ಕೆ ‘ಆಸ್ತಾ ಮಞಾನಾ’ ಎಂಬ ಸ್ಪ್ಯಾನಿಷ್ ಬೀಳ್ಕೊಡುಗೆಯ ಮಾತೇ ಪಲ್ಲವಿ; ಅಗಲಿದವನು ಮರಳಿ ಬರುವನೆಂಬ ನಿರೀಕ್ಷೆ ಅದರ ವಸ್ತು. ರಾಷ್ಟ್ರೀಯ ಸ್ಪರ್ಧೆಗೆ ‘ವಾಟರ್ಲೂ’ ಬದಲು ಇದನ್ನೇ ಕಳುಹಿಸುವ ಯೋಚನೆಯೂ ಒಮ್ಮೆ ಇದ್ದಿತು. ಹೀಗೆ ತಾಳೆಮರ, ವಾನರ, ಸ್ಪ್ಯಾನಿಷ್ ಮಾತು, ನೆಪೋಲಿಯನ್ ಎಲ್ಲವೂ ಒಂದೇ ಉಗ್ರಾಣದಿಂದ ತೆಗೆದ ವಸ್ತುಗಳಂತೆ ಸಾಲಾಗಿ ನಿಂತಿವೆ. ಸಣ್ಣ ಭಾಷೆಯೊಂದರ ಕಲಾವಿದರು ದೊಡ್ಡ ಲೋಕವನ್ನು ಸೇರಲು ಬಯಸಿದಾಗ, ಆ ಲೋಕಕ್ಕೆ ಮೊದಲೇ ಪರಿಚಿತವಾದ ವಸ್ತುಗಳನ್ನು ಹಿಡಿದು ಹೋಗುವುದು ಸಹಜವೇ ಆಗಿದೆ.

ಆದರೆ ಯಾವುದನ್ನೂ ಎರವಲು ತಾರದ ಹಾಡುಗಳೂ ಇಲ್ಲಿವೆ. ‘ಮೈ ಮಾಮಾ ಸೆಡ್’ ಎಂಬುದರಲ್ಲಿ ತಾಯಿಯ ಕಟ್ಟುಪಾಡುಗಳಿಗೆ ಬೇಸತ್ತ ಹುಡುಗಿಯೊಬ್ಬಳು ತನ್ನ ಬಾಳನ್ನು ತಾನು ಬಾಳಬೇಕೆಂದು ಹಂಬಲಿಸುತ್ತಾಳೆ. ಬೆನ್ನಿ ಆಂಡರ್ಸನ್ನರೇ ಮುಖ್ಯಗಾಯಕರಾಗಿ ಹಾಡಿದ ‘ಸೂಜಿ-ಹ್ಯಾಂಗ್-ಅರೌಂಡ್’ ಎಂಬುದರಲ್ಲಿ, ವಯಸ್ಸು ಸಾಲದೆಂಬ ಕಾರಣದಿಂದ ಚಿಕ್ಕ ಹುಡುಗಿಯೊಬ್ಬಳನ್ನು ಮಕ್ಕಳು ಆಟಕ್ಕೆ ಸೇರಿಸದೆ ಓಡಿಸುತ್ತಾರೆ. ‘ಡಾನ್ಸ್’ ಎಂದು ಮೊದಲಾಗುವ ಹಾಡು ಬೇರೆಯಾಗಲಿರುವ ಇಬ್ಬರ ಕೊನೆಯ ಕುಣಿತ. ಅದರಲ್ಲಿ ವಾದ್ಯಗಳ ಅಬ್ಬರವು ಎಷ್ಟು ತುಂಬಿದೆಯೋ ಮಾತಿನ ಖಿನ್ನತೆಯೂ ಅಷ್ಟೇ ಇದೆ. ಮುಂದಿನ ವರ್ಷಗಳಲ್ಲಿ ಈ ವೃಂದದ ವೈಶಿಷ್ಟ್ಯವೆನಿಸಿದ, ಹರ್ಷದ ಲಯದೊಳಗೆ ವಿಷಾದವನ್ನು ಇರಿಸುವ ಕ್ರಮದ ಬೀಜ ಇಲ್ಲಿದೆ. ಅನುಭವದ ಸತ್ಯವನ್ನು ಅಳತೆಗೋಲಾಗಿ ಹಿಡಿದರೆ ಸಂಪುಟದಲ್ಲಿ ಮೇಲುಗೈ ಪಡೆಯುವುವು ಈ ಚಿಕ್ಕ ಹಾಡುಗಳೇ. ಶೀರ್ಷಿಕೆಯ ಹಾಡು ಮೇಲುಗೈ ಪಡೆಯುವುದು ಬೇರೊಂದು ಗುಣದಿಂದ.

೪

‘ವಾಟರ್ಲೂ’ ಗೀತದ ವಸ್ತುವನ್ನು ಹೀಗೆ ಸಂಗ್ರಹಿಸಬಹುದು. ಪ್ರೇಮವನ್ನು ತಡೆದು ನಿಲ್ಲಲು ಯತ್ನಿಸಿದ ಹೆಂಗಸು ಕೊನೆಗೆ ಸೋತು ಪ್ರಿಯನಿಗೆ ಒಪ್ಪಿಸಿಕೊಳ್ಳುತ್ತಾಳೆ. ವಾಟರ್ಲೂವಿನಲ್ಲಿ ನೆಪೋಲಿಯನ್ನನು ಶರಣಾದಂತೆಯೇ ತನ್ನ ಸ್ಥಿತಿಯೂ ಆಯಿತೆಂದು ಹೇಳುತ್ತಾಳೆ. ಕಪಾಟಿನಲ್ಲಿರುವ ಚರಿತ್ರೆಯ ಪುಸ್ತಕವು ತನ್ನನ್ನು ತಾನೇ ಮರಳಿ ಮರಳಿ ಹೇಳಿಕೊಳ್ಳುತ್ತದೆಂಬುದು ಅವಳ ತೀರ್ಮಾನ. ಸೋತಾಗಲೇ ಗೆದ್ದಂತಾಯಿತೆಂಬುದು ಹಾಡಿನ ಚಮತ್ಕಾರ.

ಮೊದಲು ವಾಸ್ತವಾಂಶವನ್ನು ನೋಡೋಣ. ನೆಪೋಲಿಯನ್ನನು ವಾಟರ್ಲೂವಿನಲ್ಲಿ ಶರಣಾಗಲಿಲ್ಲ. ೧೮೧೫ರ ಜೂನ್ ೧೮ರಂದು ವೆಲಿಂಗ್ಟನ್ನನ ಸೈನ್ಯಕ್ಕೂ ಬ್ಲೂಖರನ ಪ್ರಷ್ಯನ್ ಸೈನ್ಯಕ್ಕೂ ಸೋತು ಅವನು ರಣರಂಗದಿಂದ ಹಿಮ್ಮೆಟ್ಟಿದನು. ಪ್ಯಾರಿಸ್ಸಿಗೆ ಮರಳಿ ಜೂನ್ ೨೨ರಂದು ಸಿಂಹಾಸನವನ್ನು ತ್ಯಜಿಸಿದನು. ಜುಲೈ ೧೫ರಂದು ರೋಶ್‌ಫೋರ್ ಸಮೀಪದಲ್ಲಿ ‘ಬೆಲರೊಫನ್’ ಎಂಬ ಬ್ರಿಟಿಷ್ ಯುದ್ಧನೌಕೆಯ ಕಪ್ತಾನನಿಗೆ ತನ್ನನ್ನು ಒಪ್ಪಿಸಿಕೊಂಡನು. ಸೋಲಿಗೂ ಶರಣಾಗತಿಗೂ ನಡುವೆ ಸುಮಾರು ನಾಲ್ಕು ವಾರಗಳ ಅಂತರವುಂಟು. ಆ ಅವಧಿಯಲ್ಲಿ ಅವನು ಅಮೆರಿಕಕ್ಕೆ ಪಾರಾಗುವ ಯೋಚನೆಯನ್ನೂ ಮಾಡಿದ್ದನು. ಹಾಡು ಈ ವಾರಗಳನ್ನು ಅಳಿಸಿ, ಸೋಲನ್ನೂ ಶರಣಾಗತಿಯನ್ನೂ ಒಂದೇ ಗಳಿಗೆಯನ್ನಾಗಿ ಮಾಡಿದೆ.

ಇದನ್ನು ತಪ್ಪೆಂದು ಗುರುತಿಸಿ ಮುಂದೆ ಹೋಗುವುದು ವಿಮರ್ಶೆಗೆ ಸಾಲದು. ಈ ತಪ್ಪು ಹಾಡಿಗೆ ಅವಶ್ಯವಾಗಿತ್ತು. ರಣರಂಗದ ಸೋಲು ಬಲಾತ್ಕಾರದಿಂದ ಬರುವಂಥದು. ಶರಣಾಗತಿಯಲ್ಲಿ ಸೋತವನ ಸಮ್ಮತಿಯ ಅಂಶವಿದೆ. ಪ್ರೇಮಗೀತಕ್ಕೆ ಬೇಕಾದುದು ಸಮ್ಮತಿಯಿಂದ ಬಂದ ಸೋಲು. ಯುದ್ಧದ ಹೆಸರನ್ನು ಉಳಿಸಿಕೊಂಡು ಅದರ ಬಲಾತ್ಕಾರವನ್ನು ಬಿಡಲು ಕವಿಗೆ ದೊರೆತ ಸುಲಭೋಪಾಯವೆಂದರೆ ‘ಶರಣಾದನು’ ಎಂಬ ಕ್ರಿಯಾಪದ. ಆ ಒಂದು ಪದದಿಂದ ಉಪಮೆ ನಿಂತಿತು. ಅದೇ ಪದದಿಂದ, ಆ ಒಂದು ದಿನದಲ್ಲಿ ಸತ್ತ ಹಾಗೂ ಗಾಯಗೊಂಡ ನಲವತ್ತು ಸಾವಿರಕ್ಕೂ ಮೇಲ್ಪಟ್ಟ ಜನರು ಉಪಮೆಯಿಂದ ಹೊರಗಾದರು.

ಇನ್ನು ಸೋತು ಗೆಲ್ಲುವ ಮಾತು. ಇದರಲ್ಲಿ ಹಾಡು ತಾನು ಉದ್ದೇಶಿಸದ ಒಂದು ಚಾರಿತ್ರಿಕ ಸತ್ಯವನ್ನು ಮುಟ್ಟಿದೆಯೆಂದು ನನ್ನ ಅಭಿಪ್ರಾಯ. ಸೇಂಟ್ ಹೆಲೀನಾ ದ್ವೀಪದಲ್ಲಿ ಸೆರೆಯಲ್ಲಿದ್ದು ೧೮೨೧ರಲ್ಲಿ ಮಡಿದ ನೆಪೋಲಿಯನ್ನನ ಕೀರ್ತಿ ಸೋಲಿನಿಂದ ಕುಗ್ಗಲಿಲ್ಲ. ಅವನ ಸೆರೆವಾಸದ ಸಂಭಾಷಣೆಗಳನ್ನು ಲಾಸ್ ಕಾಸ್ ೧೮೨೩ರಲ್ಲಿ ಪ್ರಕಟಿಸಿದ ಮೇಲೆ ಅದು ಇಮ್ಮಡಿಯಾಯಿತು. ೧೮೪೦ರಲ್ಲಿ ಅವನ ಅವಶೇಷಗಳು ರಾಜಮರ್ಯಾದೆಯೊಡನೆ ಪ್ಯಾರಿಸ್ಸಿಗೆ ಬಂದವು. ಜನರ ನೆನಪಿನಲ್ಲಿ ವಾಟರ್ಲೂ ಗೆದ್ದವನ ಹೆಸರಿಗಿಂತ ಸೋತವನ ಹೆಸರಿನೊಡನೆಯೇ ಹೆಚ್ಚಾಗಿ ಕೂಡಿಕೊಂಡಿದೆ. ಹಾಡಿನಲ್ಲಿ ಬರುವ ಹೆಸರೂ ಸೋತವನದೇ, ವೆಲಿಂಗ್ಟನ್ನನ ಉಲ್ಲೇಖವಿಲ್ಲ.

೫

ಸ್ಥಳದ ಹೆಸರು ಹೀಗೆ ಸ್ಥಳದಿಂದ ಬಿಡಿಸಿಕೊಂಡು ಗಾದೆಯಾಗುವುದು ಈ ಹಾಡಿನಿಂದ ಆರಂಭವಾದುದಲ್ಲ. ಇಂಗ್ಲಿಷಿನಲ್ಲಿ ಕಡೆಯ ಸೋಲಿಗೆ ‘ವಾಟರ್ಲೂ’ ಎನ್ನುವ ವಾಡಿಕೆ ಹತ್ತೊಂಬತ್ತನೆಯ ಶತಮಾನದ್ದು. ಹೆಸರಿನ ಹುಟ್ಟಿನಲ್ಲಿಯೇ ಗೆದ್ದವನ ಕೈ ಉಂಟು. ಯುದ್ಧವು ಬಹುಮಟ್ಟಿಗೆ ಮೋಂ-ಸೇಂ-ಜಾನ್ ಎಂಬ ಹಳ್ಳಿಯ ದಿಣ್ಣೆಯ ಮೇಲೆ ನಡೆಯಿತು. ಫ್ರೆಂಚರು ಬಹುಕಾಲ ಆ ಹೆಸರಿನಿಂದಲೇ ಅದನ್ನು ಕರೆದರು. ಬ್ಲೂಖರನು ‘ಬೆಲ್ ಅಲಿಯಾನ್ಸ್’ ಎಂದು ಕರೆಯಬಯಸಿದನು. ವೆಲಿಂಗ್ಟನ್ನನ ಬಿಡಾರವಿದ್ದು, ಅವನ ವರದಿ ಹೊರಟ ಊರು ವಾಟರ್ಲೂ ಆದುದರಿಂದ ಆ ಹೆಸರೇ ನಿಂತಿತು. ರಕ್ಕಸಗಿ-ತಂಗಡಗಿಯ ಯುದ್ಧವನ್ನು ತಾಳಿಕೋಟೆಯ ಯುದ್ಧವೆಂದು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯಾಗಿ ತೋರದು. ಮನೆಯ ಜಗಳವನ್ನು ಕುರುಕ್ಷೇತ್ರವೆನ್ನುವ ಭಾಷೆಯವರಾದ ನಮಗೆ ಗಾದೆಯಾಗುವ ಕ್ರಮವೂ ಅಪರಿಚಿತವಲ್ಲ.

ಆದರೆ ಈ ಸೋಲನ್ನು ನಗುತ್ತ ಹಾಡಲು ಸ್ವೀಡನ್ನಿಗೆ ಸಾಧ್ಯವಾದುದೇಕೆ? ಸ್ವೀಡನ್ ವಾಟರ್ಲೂವಿನಲ್ಲಿ ಹೋರಾಡಲಿಲ್ಲ. ನೆಪೋಲಿಯನ್ನನ ದಳಪತಿಯಾಗಿದ್ದ ಬೆರ್ನಾಡಾಟನನ್ನು ಅದು ೧೮೧೦ರಲ್ಲಿ ಯುವರಾಜನನ್ನಾಗಿ ಆರಿಸಿಕೊಂಡಿತು; ಅವನೇ ೧೮೧೩ರಲ್ಲಿ ತನ್ನ ಹಳೆಯ ಒಡೆಯನ ವಿರುದ್ಧ ಸೈನ್ಯವನ್ನು ನಡೆಸಿದನು. ೧೮೧೪ರಿಂದ ಈಚೆಗೆ ಸ್ವೀಡನ್ ಯಾವ ದೇಶದೊಡನೆಯೂ ಯುದ್ಧ ಹೂಡಿಲ್ಲ. ಗೆದ್ದವರ ಗರ್ವವೂ ಸೋತವರ ನೋವೂ ಇಲ್ಲದ ಈ ದೂರದಿಂದ ಹಾಡಿನ ಲಘುತ್ವ ಹುಟ್ಟಿತೆಂದು ಊಹಿಸಬಹುದು. ಬ್ರೈಟನ್ನಿನ ವೇದಿಕೆಯಲ್ಲಿ ವಾದ್ಯವೃಂದದ ನಿರ್ದೇಶಕ ಸ್ವೆನ್-ಓಲೋಫ್ ವಾಲ್ಡಾಫ್ ನೆಪೋಲಿಯನ್ನನ ವೇಷವನ್ನೇ ಧರಿಸಿ ಬಂದರು. ಅಧ್ಯಕ್ಷ ಪಾಂಪಿಡೂ ಏಪ್ರಿಲ್ ೨ರಂದು ತೀರಿಕೊಂಡ ಕಾರಣ ಫ್ರಾನ್ಸ್ ಆ ವರ್ಷದ ಸ್ಪರ್ಧೆಯಿಂದ ಹಿಂದೆಗೆದಿತ್ತು. ವೆಲಿಂಗ್ಟನ್ನನ ದೇಶದ ತೀರ್ಪುಗಾರರು ಈ ಹಾಡಿಗೆ ಒಂದು ಅಂಕವನ್ನೂ ಕೊಡಲಿಲ್ಲ. ಆ ದೇಶದ ಜನರು ಕೆಲವೇ ವಾರಗಳಲ್ಲಿ ಅದನ್ನು ಪಟ್ಟಿಯ ತುದಿಗೆ ಏರಿಸಿದರು.

ವೆಲಿಂಗ್ಟನ್ನನು ನಮಗೆ ಕೇವಲ ಯೂರೋಪಿನ ಹೆಸರಲ್ಲ. ಆರ್ಥರ್ ವೆಲ್ಲೆಸ್ಲಿಯೆಂಬ ಹೆಸರಿನಿಂದ ಅವನು ೧೭೯೯ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದನು. ಮೇ ೪ರಂದು ಕೋಟೆ ಬಿದ್ದು ಟಿಪ್ಪು ಮಡಿದ ಬಳಿಕ ಪಟ್ಟಣದ ಆಡಳಿತ ಅವನ ಕೈಸೇರಿತು. ಆ ವರ್ಷದ ಆರಂಭದಲ್ಲಿ ನೆಪೋಲಿಯನ್ನನು ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲಿಯೇ ಬ್ರಿಟಿಷರ ವಶವಾಗಿತ್ತು. ಹಾಗಾದರೆ ‘ಶ್ರೀರಂಗಪಟ್ಟಣ’ವೆಂಬ ಪಲ್ಲವಿಯಿಂದ ಒಂದು ವಿನೋದದ ಪ್ರೇಮಗೀತವನ್ನು ಕನ್ನಡದಲ್ಲಿ ಕಟ್ಟಬಹುದೇ? ಹಾಗೆ ಕಟ್ಟಿದರೆ ಕಿವಿ ಒಪ್ಪುವುದಿಲ್ಲ. ನಮ್ಮ ಲಾವಣಿಕಾರರು ಸಂಗೊಳ್ಳಿ ರಾಯಣ್ಣನಂಥವರ ಸೋಲನ್ನು ಹಾಡುವಾಗ ಊರು, ಒಡನಾಡಿಗಳು, ಮೋಸ, ಮರಣ ಎಲ್ಲವನ್ನೂ ಹೆಸರಿಟ್ಟು ಹಾಡಿದರು. ಅಲ್ಲಿ ಸೋಲು ಇನ್ನೊಂದಕ್ಕೆ ಉಪಮಾನವಾಗದೆ ತಾನೇ ವಸ್ತುವಾಗಿದೆ. ಯಾವ ಸೋಲು ಉಪಮೆಯಾಗಬಲ್ಲುದು, ಯಾವುದು ಆಗಲಾರದು ಎಂಬುದನ್ನು ನಿರ್ಣಯಿಸುವುದು ಕಾಲದ ದೂರವೊಂದೇ ಅಲ್ಲ. ವಾಟರ್ಲೂವಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಇರುವುದು ಹದಿನಾರೇ ವರ್ಷ. ಆ ಸೋಲಿನ ಫಲವನ್ನು ಯಾರು ಎಷ್ಟು ತಲೆಮಾರು ಉಂಡರೆಂಬುದೇ ಇಲ್ಲಿ ನಿರ್ಣಾಯಕ.

೬

ಇನ್ನು ಎರಡನೆಯ ಹಾಡು, ‘ವಾಟ್ ಅಬೌಟ್ ಲಿವಿಂಗ್‌ಸ್ಟನ್’. ಲಿವಿಂಗ್‌ಸ್ಟನ್ನನ ವಿಷಯವೇನು ಎಂಬ ಪ್ರಶ್ನೆಯೇ ಇದರ ಶೀರ್ಷಿಕೆ. ಪತ್ರಿಕೆ ಕೊಳ್ಳಲು ಹೋದವರೊಬ್ಬರ ಕಿವಿಗೆ, ಚಂದ್ರಯಾನ ಮಾಡುವವರನ್ನು ಕುರಿತು ಜನರು ಆಡುವ ಹಗುರ ಮಾತುಗಳು ಬೀಳುತ್ತವೆ. ಹಾಗಾದರೆ ದಾರಿ ತೋರಲು ಪ್ರಾಣವನ್ನೇ ಪಣವಿಟ್ಟ ಹಿಂದಿನವರ ಶ್ರಮವೂ ವ್ಯರ್ಥವೇ, ಅವರು ನೈಲ್ ನದಿಯ ಮೇಲೆ ಸಾಗಿದುದರಿಂದ ಉಳಿದವರಿಗೆ ಪ್ರಯೋಜನವಾಗಲಿಲ್ಲವೇ ಎಂದು ಹಾಡು ಎದುರು ಕೇಳುತ್ತದೆ. ಮನುಷ್ಯರು ಚಂದ್ರನನ್ನು ಮುಟ್ಟಿದ ಅಪೊಲೊ ಯಾತ್ರೆಗಳಲ್ಲಿ ಕೊನೆಯದು ೧೯೭೨ರ ಡಿಸೆಂಬರಿನಲ್ಲಿ ಮುಗಿದಿತ್ತು. ಜನರ ಉತ್ಸಾಹ ಇಳಿದಿದ್ದ ಕಾಲದ ಹಾಡು ಇದು.

ಇಲ್ಲಿ ಗತಕಾಲವು ಅಲಂಕಾರವಾಗಿ ಬಾರದೆ ವಾದದ ಆಧಾರವಾಗಿ ಬಂದಿದೆ. ವರ್ತಮಾನದ ಲಘು ತೀರ್ಪನ್ನು ತಿದ್ದಲು ಹಿಂದಿನ ನಿದರ್ಶನವನ್ನು ತರುವುದು ಇತಿಹಾಸಕಾರನ ಕ್ರಮವೇ. ಈ ದೃಷ್ಟಿಯಿಂದ ಇದು ‘ವಾಟರ್ಲೂ’ಗಿಂತ ಹೆಚ್ಚು ಐತಿಹಾಸಿಕವಾದ ಹಾಡು, ಹಾಡಾಗಿ ಅದಕ್ಕಿಂತ ಬಡವಾದುದು. ವಾದಕ್ಕೆ ವಾಕ್ಯಗಳು ಬೇಕು. ಪಾಪ್ ಗೀತದ ಪಲ್ಲವಿಗೆ ಒಂದು ಪದ ಸಾಕು.

ಆದರೂ ಇದರ ಇತಿಹಾಸವನ್ನೂ ಪರೀಕ್ಷಿಸದೆ ಬಿಡುವಂತಿಲ್ಲ. ಡೇವಿಡ್ ಲಿವಿಂಗ್‌ಸ್ಟನ್ನನು ಕೊನೆಯ ಯಾತ್ರೆಯಲ್ಲಿ ನೈಲ್ ನದಿಯ ಮೂಲವನ್ನು ಅರಸಿದುದು ನಿಜ. ಆದರೆ ಅವನು ನೈಲನ್ನು ಹಿಡಿದು ಮೇಲೇರಿದವನಲ್ಲ. ಪೂರ್ವತೀರದಿಂದ ಒಳನಾಡನ್ನು ಹೊಕ್ಕು, ಲುವಾಲಾಬಾ ನದಿಯೇ ನೈಲಿನ ಮೇಲಣ ಭಾಗವಿರಬೇಕೆಂದು ಭಾವಿಸಿದನು. ಅದು ಕಾಂಗೋ ನದಿಯ ಭಾಗವೆಂಬುದನ್ನು ಅವನ ಮರಣಾನಂತರ, ೧೮೭೭ರಲ್ಲಿ ಕೊನೆಗೊಂಡ ಯಾತ್ರೆಯಲ್ಲಿ, ಸ್ಟ್ಯಾನ್ಲಿ ನಿರ್ಧರಿಸಿದನು.

ಇದಕ್ಕಿಂತ ಗುರುತರವಾದ ಕೊರತೆ ಇನ್ನೊಂದಿದೆ. ದಾರಿ ತೋರಿದವರನ್ನು ಮರೆಯಬಾರದೆನ್ನುವ ಹಾಡು, ಅವರಿಗೆ ದಾರಿ ತೋರಿದವರನ್ನು ಮರೆತಿದೆ. ೧೮೭೩ರ ಮೇ ೧ರಂದು ಇಂದಿನ ಜಾಂಬಿಯಾ ದೇಶದ ಚಿತಾಂಬೋ ಎಂಬವನ ಹಳ್ಳಿಯಲ್ಲಿ ಲಿವಿಂಗ್‌ಸ್ಟನ್ನನು ತೀರಿಕೊಂಡಾಗ ಅವನ ಬಳಿ ಯೂರೋಪಿಯನರು ಯಾರೂ ಇರಲಿಲ್ಲ. ಸೂಸಿ, ಚೂಮಾ ಮೊದಲಾದ ಆಫ್ರಿಕದ ಒಡನಾಡಿಗಳು ಅವನ ಹೃದಯವನ್ನು ಅಲ್ಲಿಯೇ ಮರದಡಿ ಹೂಳಿ, ದೇಹವನ್ನು ಬಿಸಿಲಿನಲ್ಲಿ ಒಣಗಿಸಿ, ಸಾವಿರ ಮೈಲಿಗೂ ಮೇಲ್ಪಟ್ಟ ದಾರಿಯನ್ನು ಹೊತ್ತು ನಡೆದು ಕಡಲ ತೀರಕ್ಕೆ ತಲುಪಿಸಿದರು. ಅವನ ದಿನಚರಿಗಳು ಉಳಿದು ಬಂದುದೂ ಅವರಿಂದಲೇ. ದೇಹದೊಡನೆ ಇಂಗ್ಲೆಂಡಿಗೆ ಹೋಗಿ ೧೮೭೪ರ ಏಪ್ರಿಲ್ ೧೮ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯ ಅಂತ್ಯಕ್ರಿಯೆಯಲ್ಲಿ ಭಾಗಿಯಾದ ಜೇಕಬ್ ವೇನ್‌ರೈಟ್ ನಮ್ಮ ದೇಶದ ನಾಸಿಕದಲ್ಲಿದ್ದ ಮಿಷನ್ ಶಾಲೆಯಲ್ಲಿ ಓದಿದವನು. ಚೂಮಾ ಕೆಲಕಾಲ ಮುಂಬಯಿಯ ಶಾಲೆಯಲ್ಲಿದ್ದವನು. ಇವರ ಹೆಸರುಗಳನ್ನು ಹಾಡೊಂದರಿಂದ ನಿರೀಕ್ಷಿಸುವುದು ಅತಿಯಾದೀತು. ಆದರೆ ಅನ್ವೇಷಣೆಯಿಂದ ಉಳಿದವರಿಗೆ ಪ್ರಯೋಜನವಾಗಲಿಲ್ಲವೇ ಎಂದು ಕೇಳುವಾಗ, ಆ ಉಳಿದವರು ಯಾರು ಎಂಬ ಮರುಪ್ರಶ್ನೆ ಏಳದೆ ಇರದು. ಲಿವಿಂಗ್‌ಸ್ಟನ್ನನು ಗುಲಾಮರ ವ್ಯಾಪಾರದ ಕಡುವೈರಿಯಾಗಿದ್ದನು, ನಿಜ. ಅವನ ಮರಣದ ಹನ್ನೆರಡು ವರ್ಷಗಳೊಳಗೆ, ೧೮೮೪-೮೫ರ ಬರ್ಲಿನ್ ಸಮ್ಮೇಳನದಲ್ಲಿ, ಯೂರೋಪಿನ ರಾಜ್ಯಗಳು ಆ ಖಂಡವನ್ನು ಹಂಚಿಕೊಳ್ಳುವ ಕಟ್ಟಳೆಗಳನ್ನು ರೂಪಿಸಿಕೊಂಡವೆಂಬುದೂ ಅಷ್ಟೇ ನಿಜ.

೭

ಈ ವೃಂದದ ಹಾಡುಗಳು ವ್ಯಾಪಾರದ ಸರಕು, ಅವುಗಳಲ್ಲಿ ಸಮಾಜದ ಚಿಂತೆಯಿಲ್ಲ ಎಂಬ ಆಕ್ಷೇಪ ಸ್ವೀಡನ್ನಿನಲ್ಲಿಯೇ ಪ್ರಬಲವಾಗಿ ಎದ್ದಿತು. ೧೯೭೪ರ ಜಯದ ಫಲವಾಗಿ ಮರುವರ್ಷದ ಯೂರೋವಿಷನ್ ಸ್ಪರ್ಧೆ ಸ್ಟಾಕ್‌ಹೋಮಿನಲ್ಲಿ ನಡೆದಾಗ, ಎಡಪಂಥದ ಸಂಗೀತಗಾರರು ಅದಕ್ಕೆ ಪ್ರತಿಯಾಗಿ ಬೇರೊಂದು ಉತ್ಸವವನ್ನೇ ನಡೆಸಿದರು. ಆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ‘ವಾಟರ್ಲೂ’ ಎಂಬ ಹೆಸರು ಆರಿಸಲ್ಪಟ್ಟ ಬಗೆಯೇ ಅದಕ್ಕೆ ಸಾಕ್ಷಿ. ಆದರೆ ಸದುದ್ದೇಶವೊಂದೇ ಇತಿಹಾಸದ ಸತ್ಯವನ್ನು ತಂದುಕೊಡದೆಂಬುದಕ್ಕೆ ಇದೇ ಸಂಪುಟದ ಲಿವಿಂಗ್‌ಸ್ಟನ್ ಗೀತ ಸಾಕ್ಷಿಯಾಗಿದೆ. ಒಂದು ಹಾಡು ಇತಿಹಾಸವನ್ನು ನೆನೆಯುವ ಹೊಣೆಯನ್ನೇ ಹೊರದೆ ಅದರ ಹೆಸರನ್ನು ಬಳಸಿತು. ಇನ್ನೊಂದು ಹೊಣೆಯನ್ನು ಹೊತ್ತು, ಅರ್ಧವನ್ನಷ್ಟೇ ನೆನೆಯಿತು. ಮೊದಲನೆಯದು ಕೇಳುಗನನ್ನು ಮೋಸಗೊಳಿಸುವುದಿಲ್ಲ. ಅದು ವಿನೋದವೆಂದು ಎಲ್ಲರಿಗೂ ಗೊತ್ತು. ಎರಡನೆಯದು ಗಂಭೀರವಾದುದರಿಂದಲೇ ಹೆಚ್ಚು ಎಚ್ಚರದಿಂದ ಕೇಳತಕ್ಕುದಾಗಿದೆ.

ಆದ್ದರಿಂದ ಈ ಸಂಪುಟವನ್ನು ಕುರಿತು ನಮ್ಮ ನಿರ್ಣಯ ಹೀಗಿರಬಹುದು. ಕಲೆಯಾಗಿ ಅದರ ಬೆಲೆ ಶೀರ್ಷಿಕೆಯ ಹಾಡಿನ ಚುರುಕಿನಲ್ಲಿಯೂ, ತಾಯಿ-ಮಗಳ, ಆಟದಿಂದ ಹೊರಗಾದ ಮಗುವಿನ ಚಿಕ್ಕ ಚಿತ್ರಗಳಲ್ಲಿಯೂ ಇದೆ. ಇತಿಹಾಸದ ಅಭ್ಯಾಸಿಗೆ ಅದರ ಬೆಲೆ, ಒಂದು ಹೆಸರು ಜನರ ಬಾಯಿಗೆ ಬರುವಷ್ಟರಲ್ಲಿ ಏನೇನನ್ನು ಕಳಚಿಕೊಂಡಿರುತ್ತದೆಂಬುದನ್ನು ಸ್ಪಷ್ಟವಾಗಿ ತೋರುವುದರಲ್ಲಿದೆ. ನೆಪೋಲಿಯನ್ನನ ಯುಗವನ್ನೂ ಆಫ್ರಿಕದ ಅನ್ವೇಷಣೆಯನ್ನೂ ಬೋಧಿಸುವ ಅಧ್ಯಾಪಕರು ಈ ಎರಡು ಹಾಡುಗಳನ್ನು ತರಗತಿಯಲ್ಲಿ ಕೇಳಿಸಿ, ಯಾವ ವಾರಗಳು ಬಿಟ್ಟುಹೋಗಿವೆ, ಯಾರ ಹೆಸರುಗಳು ಬಿಟ್ಟುಹೋಗಿವೆ ಎಂದು ವಿದ್ಯಾರ್ಥಿಗಳಿಂದಲೇ ಪಟ್ಟಿ ಮಾಡಿಸಬಹುದು. ಹಾಗೆ ಪಟ್ಟಿ ಮಾಡಿದ ವಿದ್ಯಾರ್ಥಿಗೆ ಜೂನ್ ೧೮ಕ್ಕೂ ಜುಲೈ ೧೫ಕ್ಕೂ ಇರುವ ಅಂತರ ಮತ್ತೆ ಮರೆಯದು. ಸೂಸಿ, ಚೂಮಾ, ವೇನ್‌ರೈಟ್ ಎಂಬ ಹೆಸರುಗಳೂ ಮರೆಯವು.